ಹೆಲ್ಮೆಟ್ ಹಾಕಿ ಅಂದರಷ್ಟೇ ಸಾಲದು, ಗ್ಲಾಸ್ ಮಬ್ಬಾಗದ ಹಾಗೆ ಮಾಡುವುದನ್ನೂ ಹೇಳಿಕೊಡಿ

ಸಂಪಾದಕರಿಗೆ ನಮಸ್ಕಾರ.

ಜನವರಿ ಬಂತೆಂದರೆ ರಸ್ತೆ ಸುರಕ್ಷತಾ ಮಾಸ. ಬೀದರ್, ಕಲಬುರಗಿ, ಯಾದಗಿರಿ ಎಲ್ಲ ಕಡೆ ಬೈಕ್ ಜಾಥಾ ನಡೆಯುತ್ತದೆ. ಹೆಲ್ಮೆಟ್ ಹಾಕಿದವರಿಗೆ ಗುಲಾಬಿ ಕೊಡುತ್ತಾರೆ, ಹಾಕದವರಿಗೆ ದಂಡ ಬರೆಯುತ್ತಾರೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಒಳ್ಳೆಯ ಕೆಲಸವೇ, ನಡೆಯಲಿ. ಆದರೆ ಅದೇ ಜನವರಿಯಲ್ಲಿ ಮುಂಜಾನೆ ಆರೂವರೆ ಏಳರ ಹೊತ್ತಿಗೆ ಬೀದರ್–ಹುಮನಾಬಾದ್ ರಸ್ತೆಯ ಬದಿಗೆ ನಿಂತು ಬರುವ ಬೈಕುಗಳನ್ನು ಒಮ್ಮೆ ನೋಡಿ. ಹೆಲ್ಮೆಟ್ ಹಾಕಿದವರಲ್ಲೇ ಬಹಳಷ್ಟು ಜನ ಗ್ಲಾಸನ್ನು ಪೂರ್ತಿ ಮೇಲೆತ್ತಿ, ಕಣ್ಣು ಕಿರಿದು ಮಾಡಿಕೊಂಡು, ಥಂಡಿ ಗಾಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಹಾಗೇ ಬರುತ್ತಿರುತ್ತಾರೆ. ಕೆಲವರ ಹೆಲ್ಮೆಟ್ ತಲೆಯ ಮೇಲಲ್ಲ, ಪೆಟ್ರೋಲ್ ಟ್ಯಾಂಕಿನ ಮೇಲಿರುತ್ತದೆ. ಕಾನೂನು ಗೊತ್ತಿಲ್ಲದೆ ಅಲ್ಲ, ಶೋಕಿಗೂ ಅಲ್ಲ. ಗ್ಲಾಸ್ ಇಳಿಸಿದರೆ ಉಸಿರಿನ ಹಬೆ ಕಟ್ಟಿ ಮುಂದಿನ ರಸ್ತೆ ಕಾಣುವುದಿಲ್ಲ. ಅಷ್ಟೇ ಕಾರಣ.

ಈ ಮಾತನ್ನು ಯಾವ ಜಾಥಾದಲ್ಲೂ ಯಾರೂ ಎತ್ತುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಹುಮನಾಬಾದ್ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ಶಿಕ್ಷಕಿ. ಮನೆ ಬೀದರ್‌ನಲ್ಲಿ, ಓಡಾಟ ಸ್ಕೂಟಿಯಲ್ಲಿ, ಮೇಲಾಗಿ ನನಗೆ ಚಸ್ಮಾ ಬೇರೆ ಇದೆ. ಬೀದರ್ ಇರುವುದು ಸಮುದ್ರಮಟ್ಟದಿಂದ 2,200 ಅಡಿ ಆಸುಪಾಸಿನ ಎತ್ತರದಲ್ಲಿ. ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ದಾಖಲಾಯಿತು ಎಂದು ಚಳಿಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲೇ ಎಷ್ಟೋ ಸಲ ನಮ್ಮೂರಿನ ಹೆಸರು ಬಂದಿದೆ. ಎಳ್ಳು ಅಮಾವಾಸ್ಯೆಗೆ ಭಜ್ಜಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗುವ ದಿನಗಳಲ್ಲಿ ಇಲ್ಲಿನ ಮುಂಜಾನೆ ಹೇಗಿರುತ್ತದೆ ಎಂದು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಕಾರಂಜಾ ಜಲಾಶಯದ ಸುತ್ತಲಿನ ಊರುಗಳಲ್ಲಂತೂ ಬಿಸಿಲೇರುವ ತನಕ ಮಂಜು ಕರಗುವುದಿಲ್ಲ. ಆ ಕಡೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಊರುಗಳಲ್ಲೂ ಮುಂಜಾನೆಯ ಗಾಳಿ ತೇವವಾಗಿಯೇ ಇರುತ್ತದೆ. ಕಲಬುರಗಿ ಅಂದರೆ ಬಿಸಿಲು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ನಮ್ಮ ಬೈಕಿನವರಿಗೆ ಗೊತ್ತು, ವರ್ಷದಲ್ಲಿ ಎರಡು ಕಾಲ ಈ ಹಬೆಯ ಕಾಟ ಇದ್ದೇ ಇದೆ: ಮಳೆಗಾಲ ಒಂದು, ಡಿಸೆಂಬರ್–ಜನವರಿ ಇನ್ನೊಂದು.

ನಮ್ಮ ಓಣಿಗೆ ಹಾಲು ತರುವ ಕಾಕಾ ಒಬ್ಬರಿದ್ದಾರೆ. ಬೈಕಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಇನ್ನೂ ಕತ್ತಲಿರುವಾಗಲೇ ಹಳ್ಳಿಯಿಂದ ಹೊರಡುತ್ತಾರೆ. ಮಗ ಒಳ್ಳೆಯ ಫುಲ್ ಫೇಸ್ ಹೆಲ್ಮೆಟ್ ಕೊಡಿಸಿದ್ದಾನೆ. ಆದರೂ ತಲೆಗೆ ಟವೆಲ್ ಸುತ್ತಿಕೊಂಡೇ ಬರುತ್ತಿದ್ದರು. ಯಾಕೆ ಕಾಕಾ ಅಂದರೆ, "ಬಾಯೋರೇ, ಗ್ಲಾಸ್ ಇಳಿಸಿದ್ರ ಏನೂ ಕಾಣಂಗಿಲ್ರಿ. ಎತ್ತಿದ್ರ ಮಾರಿಗೆ ಥಂಡಿ ಹೊಡಿತೈತಿ. ಕುರುಡರಂಗ ಗಾಡಿ ಹೊಡಿಯದಕ್ಕಿಂತ ಟವೆಲ್ ಛಲೋ ಅಲ್ಲೇನ್ರಿ?" ಅಂದರು.

ಅವರ ಮಾತಲ್ಲಿ ತಪ್ಪು ಹುಡುಕುವುದು ಕಷ್ಟ. ವಿಚಾರ ಮಾಡಿ ನೋಡಿ, ಈ ತೊಂದರೆ ಜಾಸ್ತಿ ಆಗುವುದು ಒಳ್ಳೆಯ ಹೆಲ್ಮೆಟ್ ಕೊಂಡವರಿಗೇ. ರಸ್ತೆ ಬದಿ ಹಗ್ಗಕ್ಕೆ ತೂಗುಹಾಕಿ ಮಾರುವ ಟೊಪ್ಪಿಗೆಯಂಥ ಅರ್ಧ ಹೆಲ್ಮೆಟ್ ಇರುತ್ತಲ್ಲ, ಅದಕ್ಕೆ ಗ್ಲಾಸೂ ಇಲ್ಲ, ಹಬೆಯೂ ಇಲ್ಲ. ಗದ್ದದ ತನಕ ಮುಚ್ಚುವ, ದವಡೆ–ಹಲ್ಲು–ಮೂಗು ಎಲ್ಲ ಕಾಪಾಡುವ ಹೆಲ್ಮೆಟ್ಟಿನಲ್ಲೇ ಉಸಿರು ಒಳಗೆ ಸಿಕ್ಕಿಹಾಕಿಕೊಳ್ಳುವುದು. ದುಡ್ಡು ಕೊಟ್ಟು ಸರಿಯಾದದ್ದನ್ನು ಕೊಂಡವನು ಒಂದು ಚಳಿಗಾಲ ಒದ್ದಾಡಿ, ಸಾಕಾಗಿ, ಮತ್ತೆ ಆ ಟೊಪ್ಪಿಗೆಗೇ ವಾಪಸ್ ಹೋಗುತ್ತಾನೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ ಅಂತ ಕೇಂದ್ರ ಸರ್ಕಾರದ ಆದೇಶ ಇದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ಓಡಿಸುವವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಎಲ್ಲ ಸರಿ. ಆದರೆ ಹಾಕಿಕೊಂಡರೆ ರಸ್ತೆ ಕಾಣಬೇಕಲ್ವಾ? ಐಎಸ್‌ಐ ಗುರುತು ಇದ್ದ ಮಾತ್ರಕ್ಕೆ ಗ್ಲಾಸ್ ಮಬ್ಬಾಗುವುದು ನಿಲ್ಲುವುದಿಲ್ಲ. ಎಷ್ಟು ದುಬಾರಿ ಹೆಲ್ಮೆಟ್ ಆದರೂ ಬರೀ ಗ್ಲಾಸಿದ್ದರೆ ಮಬ್ಬಾಗಿಯೇ ಆಗುತ್ತದೆ.

ಹಬೆ ಯಾಕೆ ಕಟ್ಟುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಅದು ತಿಳಿದರೆ ಉಳಿದದ್ದು ಸುಲಭ. ನಾವು ಬಿಡುವ ಉಸಿರು ಹೆಚ್ಚೂಕಡಿಮೆ 34 ಡಿಗ್ರಿ ಬೆಚ್ಚಗಿರುತ್ತದೆ, ಅದರ ತುಂಬ ನೀರಾವಿ ಇರುತ್ತದೆ. ಹೊರಗೆ ಹತ್ತು ಹನ್ನೆರಡು ಡಿಗ್ರಿ ಚಳಿ. ಗಾಡಿ ಓಡುವಾಗ ಗಾಳಿ ಬಡಿದು ಗ್ಲಾಸೂ ಅಷ್ಟೇ ತಣ್ಣಗಾಗಿರುತ್ತದೆ. ಬೆಚ್ಚಗಿನ ಆವಿ ತಣ್ಣನೆಯ ಗ್ಲಾಸಿಗೆ ತಾಗಿದ ತಕ್ಷಣ ನೀರಾಗಿ ಕೂರುತ್ತದೆ, ಬೇಸಿಗೆಯಲ್ಲಿ ಫ್ರಿಜ್ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುತ್ತದಲ್ಲ, ಹಾಗೆ. ನೀರು ಕೂತರೆ ಕೂರಲಿ, ನೀರು ಪಾರದರ್ಶಕ ತಾನೇ ಅಂತ ನಮ್ಮ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ನೀರು ಅಲ್ಲಿ ಒಂದೇ ಪದರವಾಗಿ ಹರಡಿ ಕೂರುವುದಿಲ್ಲ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ. ಪ್ರತಿಯೊಂದು ಹನಿಯೂ ಬೆಳಕನ್ನು ಒಂದೊಂದು ದಿಕ್ಕಿಗೆ ಚದುರಿಸುತ್ತದೆ. ಅದೇ ನಮಗೆ ಬಿಳಿ ಮಬ್ಬಾಗಿ ಕಾಣುವುದು. ರಾತ್ರಿ ಎದುರಿಗೆ ಲಾರಿ ಬಂದರೆ ಅದರ ಹೆಡ್‌ಲೈಟ್ ಗ್ಲಾಸಿನ ತುಂಬ ಹರಡಿ ಕಣ್ಣಿಗೆ ಕತ್ತಲೆ ಕಟ್ಟಿಸುವುದೂ ಇದರಿಂದಲೇ.

ಅಂದಮೇಲೆ ದಾರಿ ಮೂರೇ. ಉಸಿರು ಗ್ಲಾಸಿಗೆ ತಾಗದ ಹಾಗೆ ಮಾಡಬೇಕು. ಇಲ್ಲವೇ ಗ್ಲಾಸಿನ ಒಳಮೈ ತಣ್ಣಗಾಗದ ಹಾಗೆ ನೋಡಿಕೊಳ್ಳಬೇಕು. ಅದೂ ಆಗದಿದ್ದರೆ, ಕೂತ ನೀರು ಹನಿಯಾಗದೆ ತೆಳ್ಳಗೆ ಹರಡುವ ಹಾಗೆ ಮಾಡಬೇಕು. ಈ ಮೂರನೆಯದು ಎಲ್ಲಕ್ಕಿಂತ ಅಗ್ಗ, ಯಾರ ಮನೆಯಲ್ಲಾದರೂ ಇವತ್ತೇ ಆಗುವಂಥದ್ದು. ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

ಬೇಕಾಗಿರುವುದು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಒಂದೇ ಹನಿ. ಚಿಕ್ಕ ಮಕ್ಕಳ ಶಾಂಪೂ ಇದ್ದರೆ ಇನ್ನೂ ಒಳ್ಳೆಯದು, ಅದು ಕಣ್ಣು ಉರಿಸುವುದು ಕಡಿಮೆ. ನೀರೊಳಗೆ ಮುಳುಗಿ ಈಜುವವರು ತಮ್ಮ ಮಾಸ್ಕಿಗೆ ಅದನ್ನೇ ಹಚ್ಚುತ್ತಾರೆ. ಮೊದಲು ಗ್ಲಾಸನ್ನು ಹೆಲ್ಮೆಟ್ಟಿನಿಂದ ಬಿಚ್ಚಿಕೊಳ್ಳಿ. ಕೆಲವದಕ್ಕೆ ಕಿವಿಯ ಹತ್ತಿರ ಸ್ಕ್ರೂ ಇರುತ್ತದೆ, ಕೆಲವದಕ್ಕೆ ಒತ್ತುವ ಗುಂಡಿ. ಬಿಚ್ಚಲು ಬರದಿದ್ದರೆ ಹಾಗೇ ಮಾಡಿದರೂ ನಡೆಯುತ್ತದೆ. ಉಗುರುಬೆಚ್ಚಗಿನ ನೀರು ಹಾಕಿ ಎರಡೂ ಮೈ ತೊಳೆಯಿರಿ. ಒಣ ಅರಿವೆಯಿಂದ ಮಾತ್ರ ಉಜ್ಜಬೇಡಿ. ನಮ್ಮ ಎರೆಮಣ್ಣಿನ ಧೂಳು, ಶಹಾಬಾದ್–ವಾಡಿ ಕಡೆಯವರಾದರೆ ಕಲ್ಲು–ಸಿಮೆಂಟಿನ ಧೂಳು, ಗ್ಲಾಸಿನ ಮೇಲೆ ಕೂತೇ ಇರುತ್ತದೆ. ಒಣಗಿದ್ದಾಗ ಉಜ್ಜಿದರೆ ಅದೇ ಗೀರು ಬೀಳಿಸುತ್ತದೆ. ತೊಳೆದು ನೀರೆಲ್ಲ ಬಸಿದ ಮೇಲೆ, ಒಳಮೈಗೆ ಆ ಒಂದು ಹನಿ ಲಿಕ್ವಿಡ್ ಬಿಟ್ಟು ಬೆರಳ ತುದಿಯಿಂದ ಮೂಲೆ ಮೂಲೆಗೂ ಹರಡಿ. ಗ್ಲಾಸ್ ಪೂರ್ತಿ ಕೊಳಕಾದ ಹಾಗೆ ಕಾಣುತ್ತದೆ, ಹೆದರಬೇಡಿ. ಐದು ನಿಮಿಷ ಒಣಗಲು ಬಿಡಿ. ಆಮೇಲೆ ಚಸ್ಮಾ ಒರೆಸುವಂಥ ಮೆತ್ತಗಿನ ಅರಿವೆಯಿಂದ, ಗೆರೆಗಳು ಹೋಗಿ ಸ್ವಚ್ಛ ಕಾಣುವ ತನಕ, ಒತ್ತದೆ ಹಗುರಾಗಿ ಒರೆಸುತ್ತಾ ಹೋಗಿ. ಮತ್ತೆ ನೀರಿನಿಂದ ತೊಳೆಯಬಾರದು. ಕಣ್ಣಿಗೆ ಕಾಣದ ಒಂದು ತೆಳು ಪದರ ಅಲ್ಲಿ ಉಳಿದಿರಬೇಕು, ಕೆಲಸ ಮಾಡುವುದೇ ಅದು. ಸೋಪಿನ ಗುಣ ಏನೆಂದರೆ ನೀರು ಮುದುಡಿ ಹನಿಯಾಗಲು ಬಿಡುವುದಿಲ್ಲ, ಹರಡಿಸುತ್ತದೆ. ಹರಡಿದ ನೀರಿನ ಮೂಲಕ ಬೆಳಕು ನೆಟ್ಟಗೆ ಬರುತ್ತದೆ.

ಇದನ್ನು ನಾನು ಎಂಟನೇ ತರಗತಿಯ ಮಕ್ಕಳ ಮುಂದೆ ಮಾಡಿ ತೋರಿಸಿದ್ದೇನೆ. ಒಂದು ಹಳೆಯ ಗ್ಲಾಸಿನ ನಡುವೆ ಪೆನ್ನಿನಿಂದ ಗೆರೆ ಎಳೆದು, ಎಡಗಡೆಗೆ ಮಾತ್ರ ಲಿಕ್ವಿಡ್ ಹಚ್ಚಿ ಒರೆಸಿ, ಬಕೆಟ್ಟಿನ ತಣ್ಣೀರಿಗೆ ಹೊರಮೈ ತಾಗಿಸಿ ಹಿಡಿದು, ಮಕ್ಕಳಿಗೆ ಒಬ್ಬೊಬ್ಬರಾಗಿ ಬಂದು "ಹಾ" ಅಂತ ಉಸಿರು ಬಿಡಲು ಹೇಳಿದೆ. ಬಲಗಡೆ ಬೆಳ್ಳಗಾಯಿತು. ಎಡಗಡೆಯಿಂದ ಆಚೆ ಇದ್ದ ಬೋರ್ಡಿನ ಅಕ್ಷರ ಓದಲು ಬರುತ್ತಿತ್ತು. ಮಕ್ಕಳು ಸರದಿ ಬಿಟ್ಟು ಮುಗಿಬಿದ್ದರು. ಮರುದಿನ ಒಬ್ಬ ಹುಡುಗ ಬಂದು, "ಟೀಚರ್, ನಮ್ಮ ಅಪ್ಪನ ಹೆಲ್ಮೆಟ್ಟಿಗೂ ಹಚ್ಚಿದೆ, ಅಪ್ಪ ಬೈಯಲಿಲ್ಲ" ಅಂದ. ಒಂದು ಹೆಲ್ಮೆಟ್ ಜಾಗೃತಿ ಭಾಷಣಕ್ಕಿಂತ ಇದು ಹೆಚ್ಚು ಮನೆ ಮುಟ್ಟುತ್ತದೆ ಅಂತ ನನ್ನ ಬಲವಾದ ನಂಬಿಕೆ.

ಈ ಪದರ ಬಹಳ ದಿನ ನಿಲ್ಲುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಚಳಿಗಾಲದಲ್ಲಿ ಕೆಲವು ದಿನ ಬರುತ್ತದೆ, ಮಳೆಗಾಲದಲ್ಲಿ ಅಷ್ಟೂ ಇಲ್ಲ. ಗ್ಲಾಸಿನೊಳಗೆ ಕೈ ಹಾಕಿ ಒರೆಸಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಹಚ್ಚಬೇಕು. ಭಾನುವಾರ ಸಂಜೆ ಮಕ್ಕಳ ಶಾಲೆ ಬೂಟಿಗೆ ಪಾಲಿಶ್ ಮಾಡುವ ಹೊತ್ತಿಗೆ ಹೆಲ್ಮೆಟ್ಟನ್ನೂ ತೆಗೆದುಕೊಂಡರೆ ಆಯಿತು. ಲಿಕ್ವಿಡ್ ಜಾಸ್ತಿ ಹಚ್ಚಿದರೆ ರಾತ್ರಿ ಲೈಟು ಗೆರೆಗೆರೆಯಾಗಿ ಕಾಣುತ್ತದೆ, ನೀರಿಳಿದರೆ ಕಣ್ಣಿಗೂ ಹೋಗುತ್ತದೆ. ಆದ್ದರಿಂದ ಒಂದೇ ಹನಿ ಅಂತ ಒತ್ತಿ ಹೇಳಿದ್ದು. ಗಡ್ಡಕ್ಕೆ ಹಚ್ಚುವ ಶೇವಿಂಗ್ ಫೋಮ್ ಕೂಡ ಇದೇ ಕೆಲಸ ಮಾಡುತ್ತದೆ, ಹಚ್ಚುವ ಕ್ರಮವೂ ಇದೇ. ಹಸಿ ಆಲೂಗಡ್ಡೆ ಹೋಳು ಉಜ್ಜುವವರೂ ಇದ್ದಾರೆ. ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆದರೆ ಒಣಗಿದ ಮೇಲೆ ಅದರ ಪಿಷ್ಟ ಕಲೆಯಾಗಿ ಉಳಿಯುತ್ತದೆ. ಮನೆಯಲ್ಲಿ ಲಿಕ್ವಿಡ್ ಇರುವಾಗ ಅದರ ಉಸಾಬರಿ ಬೇಡ.

ಇನ್ನು ಕೆಲವು ಕೆಲಸ ಮಾಡಲೇಬಾರದು. ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವ ವಿಡಿಯೋಗಳಲ್ಲಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತ ಇರುತ್ತದೆ. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲು ಬೇಕಾದ ನುಣ್ಣನೆಯ ಪುಡಿ ಇರುತ್ತದೆ. ಹಲ್ಲು ಗಟ್ಟಿ, ತಡೆಯುತ್ತದೆ. ಹೆಲ್ಮೆಟ್ ಗ್ಲಾಸ್ ಅಂದರೆ ನಿಜವಾದ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಅದಕ್ಕೆ ಸಣ್ಣ ಸಣ್ಣ ಗೀರು ಬಿದ್ದು, ಹಗಲು ಚೆನ್ನಾಗಿಯೇ ಕಂಡರೂ ರಾತ್ರಿ ಎದುರು ಲೈಟಿಗೆ ಇಡೀ ಗ್ಲಾಸ್ ಹೊಳೆಯುತ್ತದೆ. ಗ್ಯಾರೇಜಿನಲ್ಲಿ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಕೊಡುತ್ತಾರೆ. ಅದಂತೂ ಬೇಡವೇ ಬೇಡ. ಪೆಟ್ರೋಲ್, ಥಿನ್ನರ್ ತಾಗಿದರೆ ಈ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಪೆಟ್ಟು ತಡೆಯುವ ಶಕ್ತಿ ಹೋಗುತ್ತದೆ. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇಗಳಲ್ಲಿ ಅಮೋನಿಯಾ ಇದ್ದರೆ ಅದೂ ಹಾಳು ಮಾಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವವರನ್ನೂ ಕಂಡಿದ್ದೇನೆ. ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ, ಲೈಟು ಚದುರುತ್ತದೆ, ಸುಮ್ನೆ ಇದ್ದ ಗ್ಲಾಸನ್ನೂ ಕೆಡಿಸಿದ ಹಾಗೆ.

ಮಳೆ ನೀರು ಜಾರಿ ಹೋಗಲಿ ಅಂತ ಮಾರುವ ಸ್ಪ್ರೇ ಒಂದಿದೆ. ಕಾರಿನ ಮುಂದಿನ ಗಾಜಿಗೆ ಹಚ್ಚುತ್ತಾರೆ, ನೀರು ಮುತ್ತಿನಂತೆ ಉರುಳಿ ಹೋಗುತ್ತದೆ. ಹೆಲ್ಮೆಟ್ಟಿಗೆ ಅಂತಲೇ ಮಾಡಿದ್ದು ಸಿಕ್ಕರೆ ಹೊರಮೈಗೆ ಹಚ್ಚಬಹುದು. ಒಳಗೆ ಮಾತ್ರ ಹಚ್ಚಬಾರದು. ಹೊರಗೆ ನಮಗೆ ನೀರು ದೊಡ್ಡ ಹನಿಯಾಗಿ ಉರುಳಿ ಹೋಗಬೇಕು, ಒಳಗೆ ಹನಿಯೇ ಆಗಬಾರದು. ಎರಡಕ್ಕೂ ಬೇಕಾದ ಗುಣ ತದ್ವಿರುದ್ಧ. ಈ ವ್ಯತ್ಯಾಸ ಅಂಗಡಿಯವರು ಹೇಳಬೇಕು, ಹೇಳುವುದಿಲ್ಲ.

ಉಸಿರಿನ ಮಾತಿಗೆ ಬರುತ್ತೇನೆ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಓದಬೇಕು. ನಾವು ಧೂಳಿಗೆ, ಬಿಸಿಲಿಗೆ, ಚಳಿಗೆ ಎಲ್ಲಕ್ಕೂ ಸ್ಕಾರ್ಫನ್ನು ಮೂಗಿನ ಮೇಲಿಂದ ಬಿಗಿಯಾಗಿ ಕಟ್ಟಿ ಅದರ ಮೇಲೆ ಹೆಲ್ಮೆಟ್ ಹಾಕುತ್ತೇವೆ. ಬಟ್ಟೆ ಮುಂದೆ ಅಡ್ಡ ಇದ್ದರೆ ಉಸಿರಿಗೆ ಹೋಗಲು ದಾರಿ ಮೇಲಕ್ಕೇ. ಮೂಗಿನ ಎರಡೂ ಬದಿಯ ಸಂದಿಯಿಂದ ನೆಟ್ಟಗೆ ಚಸ್ಮಾಕ್ಕೆ, ಅಲ್ಲಿಂದ ಗ್ಲಾಸಿಗೆ. ಸ್ಕಾರ್ಫ್ ಕಟ್ಟಲೇಬೇಕೆಂದರೆ ಮೂಗಿನ ಹೊಳ್ಳೆಯ ಕೆಳಗೆ ಬರುವಂತೆ ಕಟ್ಟಿ, ಬಾಯಿ–ಗದ್ದ–ಕುತ್ತಿಗೆ ಬೆಚ್ಚಗಿರುತ್ತದೆ. ಧೂಳಿಗೆ ಮೂಗು ಮುಚ್ಚಲೇಬೇಕಾದರೆ, ಮೇಲ್ಗಡೆ ತಂತಿ ಇರುವ ಮಾಸ್ಕ್ ಹಾಕಿ ಆ ತಂತಿಯನ್ನು ಮೂಗಿಗೆ ಸರಿಯಾಗಿ ಒತ್ತಿ. ಆವಿ ಕೆಳಗಿನಿಂದ ಹೋಗುತ್ತದೆ. ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲೇ ಹೆಲ್ಮೆಟ್ ಏರಿಸಿದರೆ ಗ್ಲಾಸ್ ಮಬ್ಬಾಗುವುದನ್ನು ಯಾರೂ ತಪ್ಪಿಸಲಾರರು, ಕೂದಲಿನ ನೀರೆಲ್ಲ ಅಲ್ಲೇ ಆವಿಯಾಗುತ್ತದೆ. ಮಳೆಯಲ್ಲಿ ನೆನೆದ ಹೆಲ್ಮೆಟ್ಟಿಗೂ ಇದೇ ಮಾತು. ಒಳಗಿನ ಸ್ಪಂಜು ಒಣಗದೆ ಮರುದಿನ ಹಾಕಿದರೆ ಹಬೆ, ಮೇಲೆ ವಾಸನೆ. ರಾತ್ರಿ ಫ್ಯಾನಿನ ಕೆಳಗೆ ಬೋರಲು ಹಾಕದೆ ಬಾಯಿ ಮೇಲೆ ಮಾಡಿ ಇಡಿ. ಗಾಡಿಯ ಕನ್ನಡಿಗೆ ಸಿಕ್ಕಿಸಿ ಅಂಗಳದಲ್ಲೇ ಬಿಟ್ಟರೆ ಮುಂಜಾನೆ ಅದು ಇಬ್ಬನಿಯಲ್ಲಿ ನೆನೆದು ತಣ್ಣಗೆ ಕೊರೆಯುತ್ತಿರುತ್ತದೆ. ಮನೆಯೊಳಗಿಟ್ಟ ಹೆಲ್ಮೆಟ್ ಊರು ದಾಟುವ ತನಕವಾದರೂ ಸ್ವಚ್ಛವಾಗಿರುತ್ತದೆ.

ಹೆಲ್ಮೆಟ್ಟಿನಲ್ಲೇ ಗಾಳಿಗೆ ದಾರಿ ಇರುತ್ತದೆ. ಗದ್ದದ ಮುಂದೆ ಒಂದು ಸಣ್ಣ ಮುಚ್ಚಳ, ನೆತ್ತಿಯ ಮೇಲೆ ಒಂದೋ ಎರಡೋ, ಹಿಂದುಗಡೆ ಬಿಸಿ ಗಾಳಿ ಹೊರಹೋಗಲು ತೂತು. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಹೆಲ್ಮೆಟ್ ತೆಗೆಸಿ ನೋಡಿದೆ, ಗದ್ದದ ಮುಚ್ಚಳ ತೆರೆಯುತ್ತದೆ ಅನ್ನುವುದೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದವರದ್ದರಲ್ಲಿ ಮಣ್ಣು ತುಂಬಿ ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಆ ಸಂದಿ ಸ್ವಚ್ಛ ಮಾಡಿ, ಚಳಿಯಿದ್ದರೂ ತೆರೆದಿಡಿ. ಅಲ್ಲಿಂದ ಬರುವ ಒಣ ಗಾಳಿ ಗ್ಲಾಸಿನ ಒಳಮೈಗೆ ನೆಟ್ಟಗೆ ಬೀಸುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಮೂಗಿನ ಮುಂದೆ ಒಂದು ರಬ್ಬರಿನ ಅಡ್ಡೆ ಕೊಟ್ಟಿರುತ್ತಾರೆ ಕೆಲವದಕ್ಕೆ. ಮೂಗಿಗೆ ತಾಗುತ್ತದೆ ಅಂತ ಕಿತ್ತು ಬಿಸಾಡಬೇಡಿ, ಉಸಿರನ್ನು ಕೆಳಕ್ಕೆ ತಿರುಗಿಸುವುದೇ ಅದರ ಕೆಲಸ. ಗದ್ದದ ಕೆಳಗೆ ಬಟ್ಟೆಯ ಪರದೆಯಂತೆ ಬರುವುದಿದ್ದರೆ, ಹಬೆ ಜಾಸ್ತಿಯಾದಾಗ ಅದನ್ನು ತೆಗೆದು ನೋಡಿ. ಚಳಿ ತಡೆಯುತ್ತದೆ ನಿಜ, ಆದರೆ ಆವಿ ಹೋಗುವ ದಾರಿಯನ್ನೂ ಅದೇ ಮುಚ್ಚುತ್ತದೆ.

ಇವತ್ತು ಏನೂ ಇಲ್ಲ, ಈಗಲೇ ಹೊರಡಬೇಕು ಅಂದರೆ ಗ್ಲಾಸನ್ನು ಪೂರ್ತಿ ಎತ್ತದೆ ಒಂದೇ ಕಚ್ಚು ಎತ್ತಿ. ಕೆಳಗೆ ಒಂದು ಬೆರಳು ದಪ್ಪದ ಸಂದಿ ಸಾಕು. ಕಲಬುರಗಿ ಜಗತ್ ಸರ್ಕಲ್‌ನಂಥ ಕಡೆ ಸಿಗ್ನಲ್ಲಿಗೆ ನಿಂತಾಗ ಗಾಳಿಯಾಡುವುದಿಲ್ಲ, ಆಗಲೇ ಹಬೆ ಬೇಗ ಕಟ್ಟುವುದು. ನಿಂತ ತಕ್ಷಣ ಎತ್ತಿ, ಗಾಡಿ ಹೊರಟ ಮೇಲೆ ಇಳಿಸಿ. ಕಚ್ಚಿನಲ್ಲಿ ನಿಲ್ಲದೆ ಜಾರಿ ಮುಚ್ಚಿಕೊಳ್ಳುವ ಗ್ಲಾಸಾದರೆ, ಸೈಕಲ್ ಟ್ಯೂಬಿನ ಒಂದು ಸಣ್ಣ ತುಂಡನ್ನು ಕೆಳಗಿನ ಅಂಚಿನ ಒಂದು ಮೂಲೆಗೆ ಅಂಟಿಸಿದರೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಓಡುವ ಗಾಡಿಯಲ್ಲಿ ಎಡಗೈ ಬಿಟ್ಟು, ಗ್ಲಾಸಿನೊಳಗೆ ಬೆರಳು ತೂರಿಸಿ ಒರೆಸುವುದನ್ನು ಮಾತ್ರ ನಿಲ್ಲಿಸಿ. ನಮ್ಮ ರಸ್ತೆಗಳಲ್ಲಿ ಹಂಪು ಎಲ್ಲಿ ಬರುತ್ತದೆ, ಗುಂಡಿ ಎಲ್ಲಿ ಬರುತ್ತದೆ ಹೇಳಲು ಬರುವುದಿಲ್ಲ. ಒಂದೇ ಕೈಯಲ್ಲಿ, ಅದೂ ಅರೆಗುರುಡಾಗಿ, ಹ್ಯಾಂಡಲ್ ಹಿಡಿಯುವುದು ಸಾವಿಗೆ ಹತ್ತಿರದ ದಾರಿ.

ಮಂಜು ದಟ್ಟವಾಗಿದ್ದರೆ ಗ್ಲಾಸಿನ ಹೊರಗೂ ನೀರು ಕೂರುತ್ತದೆ. ಒಳಗೆ ಏನು ಹಚ್ಚಿದರೂ ಆಗ ಉಪಯೋಗವಿಲ್ಲ. ಹೊರಗೆ ಒರೆಸಿಕೊಳ್ಳಲು ಒಂದು ಮೆತ್ತನೆಯ ಅರಿವೆ ಜೇಬಿನಲ್ಲಿರಲಿ, ನಿಲ್ಲಿಸಿ ಒರೆಸಿ. ಹೆಡ್‌ಲೈಟ್ ಡಿಮ್ ಇರಲಿ, ಅಪ್ಪರ್ ಹಾಕಿದರೆ ಮಂಜಿಗೆ ಬಡಿದ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಇದಕ್ಕಿಂತ ಪಕ್ಕಾ ಪರಿಹಾರ ಬೇಕೆನ್ನುವವರಿಗೆ ಪಿನ್‌ಲಾಕ್ ಅಂತ ಒಂದು ಬರುತ್ತದೆ. ನೆದರ್ಲೆಂಡ್ಸ್ ದೇಶದ ಕಂಪನಿಯದು. ಗ್ಲಾಸಿನ ಒಳಗಡೆ ಎಡ–ಬಲ ತುದಿಗೆ ಎರಡು ಪುಟ್ಟ ಪಿನ್ನು ಇರುತ್ತವೆ. ಅವುಗಳ ನಡುವೆ ಒಂದು ತೆಳ್ಳನೆಯ ಎರಡನೇ ಹಾಳೆ ಬಿಗಿಯಾಗಿ ಕೂರುತ್ತದೆ. ಅದರ ಅಂಚಿನ ಸುತ್ತ ಸಿಲಿಕೋನಿನ ಸಣ್ಣ ದಿಂಡು, ಅದು ಗ್ಲಾಸಿಗೆ ಒತ್ತಿಕೊಂಡು ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಹೊರಗಿನ ಗ್ಲಾಸ್ ಎಷ್ಟೇ ತಣ್ಣಗಾದರೂ ಆ ಗಾಳಿಯ ಪದರದಿಂದಾಗಿ ಒಳಗಿನ ಹಾಳೆ ತಣ್ಣಗಾಗುವುದಿಲ್ಲ. ಜೊತೆಗೆ ಆ ಹಾಳೆಯೇ ಒಂದಿಷ್ಟು ತೇವ ಹೀರಿಕೊಳ್ಳುತ್ತದೆ. ಹಾಳೆ ಸಡಿಲಾದರೆ ಪಿನ್ನು ತಿರುಗಿಸಿ ಬಿಗಿ ಮಾಡಬಹುದು. ಹಾಳೆ ಮೆತ್ತಗಿರುವುದರಿಂದ ಬೇಗ ಗೀರು ಬೀಳುತ್ತದೆ, ಉಜ್ಜುವ ಹಾಗಿಲ್ಲ, ಸೋಪೂ ಹಚ್ಚುವ ಹಾಗಿಲ್ಲ. ಪಿನ್ನಿಗೆ ಜಾಗ ಮಾಡಿದ ಗ್ಲಾಸೇ ಬೇಕು, ಎಲ್ಲ ಹೆಲ್ಮೆಟ್ಟಿಗೆ ಕೂರುವುದಿಲ್ಲ. ಆದ್ದರಿಂದ ಹೊಸ ಹೆಲ್ಮೆಟ್ ಕೊಳ್ಳುವವರು ಕೊಳ್ಳುವಾಗಲೇ ಗ್ಲಾಸಿನ ಒಳಗೆ ಆ ಎರಡು ಪಿನ್ನು ಇವೆಯೇ ಅಂತ ನೋಡಿಕೊಳ್ಳುವುದು ಒಳ್ಳೆಯದು, ಹಾಳೆ ಆಮೇಲೆ ಹಾಕಿಸಿದರೂ ನಡೆಯುತ್ತದೆ. ಬೀದರ್‌ನಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ, ಹೈದರಾಬಾದಿನಿಂದ ತರಿಸಬೇಕು ಅಂದರು. ಹಾಲಿನ ಕಾಕಾನಂಥವರಿಗೆ ಅದು ದುಬಾರಿಯೂ ಹೌದು. ಅವರಿಗೆ ನಾನು ಹಚ್ಚಿಕೊಟ್ಟದ್ದು ಪಾತ್ರೆ ತೊಳೆಯುವ ಲಿಕ್ವಿಡ್ಡೇ. ಈಗ ಹೆಲ್ಮೆಟ್ ಹಾಕಿಕೊಂಡೇ ಬರುತ್ತಾರೆ, ಟವೆಲ್ ಕುತ್ತಿಗೆಗೆ ಇಳಿದಿದೆ.

ಇಷ್ಟೆಲ್ಲ ಬರೆಯುವುದಕ್ಕೆ ಒಂದು ಕಾರಣ ಇದೆ. ಚಳಿಗಾಲ ನಮ್ಮಲ್ಲಿ ಕಬ್ಬು ಸಾಗಿಸುವ ಕಾಲವೂ ಹೌದು. ಬೀದರ್ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ, ಆಳಂದ–ಅಫಜಲಪುರ ಕಡೆಯ ಕಾರ್ಖಾನೆಗಳಿಗೆ ರಾತ್ರಿಯಿಡೀ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುತ್ತವೆ. ಎಷ್ಟೋ ಟ್ರಾಲಿಗಳಿಗೆ ಹಿಂದೆ ಲೈಟಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಕಬ್ಬು ಅಗಲಕ್ಕೆ ಚಾಚಿಕೊಂಡಿರುತ್ತದೆ. ಸ್ವಚ್ಛ ಕಣ್ಣಿಗೇ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆ. ಗ್ಲಾಸ್ ಮಬ್ಬಾದವನಿಗೆ ಕಾಣುವುದೇ ಇಲ್ಲ. ಗ್ಲಾಸ್ ಎತ್ತಿಕೊಂಡವನ ಕಣ್ಣಿಗೆ ಅದೇ ಹೊತ್ತಿಗೆ ಒಂದು ಹುಳವೋ, ತೊಗರಿ ರಾಶಿಯ ಹೊಟ್ಟೋ ಬಿದ್ದರೆ ಮುಗಿಯಿತು. ಟ್ರಾಲಿಗೆ ಪಟ್ಟಿ ಹಚ್ಚಿಸುವುದು ಅಧಿಕಾರಿಗಳ ಕೆಲಸ, ಅದನ್ನು ಅವರು ಮಾಡಲೇಬೇಕು. ಗ್ಲಾಸ್ ಸ್ವಚ್ಛ ಇಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ.

ಪೊಲೀಸ್ ಇಲಾಖೆಯವರಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ಜನವರಿಯಲ್ಲಿ ಜಾಥಾ ಮಾಡುವಾಗ ಒಂದು ಟೇಬಲ್ ಹಾಕಿ. ಒಂದು ಬಕೆಟ್ ನೀರು, ಒಂದು ಬಾಟಲಿ ಲಿಕ್ವಿಡ್, ನಾಲ್ಕು ಮೆತ್ತನೆಯ ಅರಿವೆ ಇಡಿ. ಹೆಲ್ಮೆಟ್ ಹಾಕಿ ಬಂದವರ ಗ್ಲಾಸಿಗೆ ಹಚ್ಚಿ ತೋರಿಸಿ ಕಳಿಸಿ. ಎನ್‌ಎಸ್‌ಎಸ್ ಮಕ್ಕಳು ಖುಷಿಯಿಂದ ಮಾಡುತ್ತಾರೆ. ಗುಲಾಬಿ ಸಂಜೆಗೆ ಬಾಡುತ್ತದೆ, ಇದು ಮನೆಗೆ ಹೋದ ಮೇಲೂ ಉಪಯೋಗಕ್ಕೆ ಬರುತ್ತದೆ. ತಡೆದು ನಿಲ್ಲಿಸಿದಾಗ ಕಪ್ಪು ಗ್ಲಾಸು, ಬಣ್ಣ ಬಣ್ಣದ ಗ್ಲಾಸು ಹಾಕಿದವರಿಗೂ ಒಂದು ಮಾತು ಹೇಳಿ. ಹಗಲು ಬಿಸಿಲಿಗೆ ಚೆನ್ನ ಅಂತ ಹಾಕಿಸಿಕೊಂಡ ಕಪ್ಪು ಗ್ಲಾಸಿನಲ್ಲಿ ರಾತ್ರಿ ಅರ್ಧ ಕತ್ತಲೆ, ಅದರ ಮೇಲೆ ಹಬೆ ಕಟ್ಟಿದರೆ ಉಳಿದರ್ಧವೂ ಕತ್ತಲೆಯೇ.

ಹೆಲ್ಮೆಟ್ ಅಂಗಡಿಯವರು ಹೊಸ ಹೆಲ್ಮೆಟ್ ಕೊಡುವಾಗ ಗದ್ದದ ಮುಚ್ಚಳ ತೆರೆದು ತೋರಿಸಿ, ಗ್ಲಾಸ್ ಬಿಚ್ಚುವುದು ಹೇಳಿಕೊಡಿ, ಎರಡು ನಿಮಿಷದ ಕೆಲಸ. ಬಿಳಿ ಗ್ಲಾಸು ಬಿಡಿಯಾಗಿ ಇಟ್ಟುಕೊಳ್ಳಿ. ಗೀರು ಬಿದ್ದ ಗ್ಲಾಸು ಬದಲಿಸಬೇಕೆಂದರೆ "ಆ ಮಾಡಲ್ ಗ್ಲಾಸ್ ಬರಂಗಿಲ್ಲ, ಹೆಲ್ಮೆಟ್ಟೇ ಹೊಸದು ತಗೊಳ್ರಿ" ಅನ್ನುವುದು ಈ ಭಾಗದಲ್ಲಿ ಮಾಮೂಲಾಗಿದೆ, ಬಡವರು ಅದಕ್ಕೇ ಅದೇ ಗೀರು ಗ್ಲಾಸಿನಲ್ಲಿ ವರ್ಷಗಟ್ಟಲೆ ಓಡಾಡುತ್ತಾರೆ. ಕಂಪನಿಯವರು ಹೆಲ್ಮೆಟ್ ಜೊತೆ ಕೊಡುವ ಚೀಟಿಯಲ್ಲಿ ಇಂಗ್ಲಿಷ್, ಹಿಂದಿ ಜೊತೆಗೆ ಕನ್ನಡದಲ್ಲೂ ನಾಲ್ಕು ಸಾಲು ಮುದ್ರಿಸಲಿ, ಕಡಿಮೆ ಬೆಲೆಯ ಹೆಲ್ಮೆಟ್ಟಿಗೂ ಆ ಎರಡು ಪಿನ್ನಿನ ಜಾಗ ಕೊಡಲಿ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ನವೆಂಬರ್ ಕೊನೆಗೆ, ಚಳಿ ಏರುವ ಮೊದಲು, ಹಬೆ ಕಟ್ಟದ ಹಾಗೆ ಗ್ಲಾಸ್ ಒರೆಸುವ ಕ್ರಮವನ್ನು ಒಂದು ಚಿಕ್ಕ ಚೌಕದಲ್ಲಿ ಚಿತ್ರ ಸಮೇತ ಹಾಕಿ. ಮುಂಜಾನೆ ಪೇಪರ್ ಹಂಚುವ ಹುಡುಗರಿಗೇ ಮೊದಲು ಅದು ಬೇಕಾಗಿರುವುದು. ಹಾಗೇ, ಮೂರು ಜಿಲ್ಲೆಗಳಲ್ಲಿ ಯಾವ ಅಂಗಡಿಯವರಾದರೂ ಪಿನ್ ಇರುವ ಗ್ಲಾಸ್ ತರಿಸಿಟ್ಟಿದ್ದರೆ ಈ ಅಂಕಣಕ್ಕೇ ಬರೆದು ತಿಳಿಸಲಿ. ನಮ್ಮ ಶಾಲೆಯ ಸ್ಟಾಫಿನಲ್ಲೇ ಕೊಳ್ಳುವವರಿದ್ದಾರೆ.

– ಒಬ್ಬ ಶಿಕ್ಷಕಿ, ಬೀದರ್